ನಾಲ್ಕನೆಯ ನೀಲಿ ನಕ್ಷತ್ರ

ಕನ್ನಡಕದಂಗಡಿಯ ಯಜಮಾನನಿಗೆ ಸಮುದ್ರರಾಜ ಎಂದು ಹೆಸರಿಟ್ಟವರು ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದವರು ಅಲ್ಲೇ ಠಿಕಾಣಿ ಹೂಡಿದಾಗ, ತಮ್ಮ ಆರಾಮಕುರ್ಚಿಗೆ ನಡುಮನೆಯಲ್ಲಿ ಒಂದು ಒಳ್ಳೆಯ ಜಾಗ ಹುಡುಕಿದರು. ಕಿಟಕಿಯ ಬೆಳಕು ಬೀಳಬೇಕು, ಟೀವಿ ನೇರಕ್ಕಿರಬೇಕು, ಅಡುಗೆಮನೆಯಲ್ಲಿ ಆಡಿದ ಮಾತು ಕಿವಿಗೆ ಬೀಳಬೇಕು. ಅಂಥ ಜಾಗ ಮನೆಯಲ್ಲಿ ಒಂದೇ ಇತ್ತು. ಅಲ್ಲಿ ಆಗಲೇ ಒಂದು ಆಳುದ್ದದ ಗಾಜಿನ ತೊಟ್ಟಿ ಕೂತಿತ್ತು. ಒಳಗೆ ಉಪ್ಪುನೀರು, ಜೀವಂತ ಹವಳ, ಪಟ್ಟೆಪಟ್ಟೆಯ ಎರಡು ಮೀನು, ಸದಾ ಗುಂಯ್‌ಗುಡುವ ಪಂಪು. "ಮನುಷ್ಯರಿಗೆ ಕೂರೋಕೆ ಜಾಗ ಇಲ್ಲ, ಅಳಿಯಂದ್ರು ಸಮುದ್ರ ತಂದು ಕೂರಿಸಿದ್ದಾರೆ" ಎಂದರು ಅತ್ತೆ. ಅಂದಿನಿಂದ ಅಳಿಯ ಸಮುದ್ರರಾಜರಾದರು. ಬಹುವಚನವೂ ಅತ್ತೆಯ ಕೊಡುಗೆಯೇ. ಅದರಲ್ಲಿ ಗೌರವ ಎಷ್ಟು, ಕುಹಕ ಎಷ್ಟು ಎಂದು ಅಳೆಯುವ ಸಲಕರಣೆ ಇನ್ನೂ ಪೇಟೆಗೆ ಬಂದಿಲ್ಲ.

ಸಮುದ್ರರಾಜರು ಹಗಲೆಲ್ಲ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದರು, ಸಂಜೆ ಮನೆಗೆ ಬಂದು ಇನ್ನೊಂದು ಗಾಜು ಒರೆಸುತ್ತಿದ್ದರು. ತೊಟ್ಟಿಯ ಹೊರಮೈಗೆ ಅಂಗಡಿಯ ಮೆತ್ತನೆಯ ಹಳದಿ ಬಟ್ಟೆ, ಒಳಮೈಗೆ ಉದ್ದ ಕೋಲಿಗೆ ಕಟ್ಟಿದ ಬ್ಲೇಡು. ಕಲ್ಲುಗಳ ಮೇಲೆ ಒಂಚೂರು ಪಾಚಿ ಕಂಡರೂ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು, ತೋಳು ಮಡಚಿ, ಭುಜದವರೆಗೆ ಕೈ ಇಳಿಸಿ ಉಜ್ಜುತ್ತಿದ್ದರು. ಗಾಜು ಇದೆಯೋ ಇಲ್ಲವೋ ಗೊತ್ತಾಗಬಾರದು, ಹಾಗಿರಬೇಕು ಎಂಬುದು ಅವರ ವಾದ. ಒಮ್ಮೆ ಗೊತ್ತಾಗದೆಯೇ ಅತ್ತೆ ಅದಕ್ಕೆ ಹಣೆ ಹೊಡೆಸಿಕೊಂಡಿದ್ದರು.

ಹೆಂಡತಿ ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರುಗಳು ಕಿತ್ತ ಮೇಲೆ ಬಾಯಲ್ಲಿ ಉಳಿಯುವ ಖಾಲಿ ಜಾಗಕ್ಕೆ ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಸ ಹಲ್ಲಿನ ಬಣ್ಣ ಹೊಂದಿಸುವುದರಲ್ಲಿ ಅವಳ ಕೈ ಬಹಳ ಪಳಗಿತ್ತು. ಸಿಗರೇಟು ಸೇದುವವನಿಗೆ ಸಿಗರೇಟು ಸೇದಿದಂಥದ್ದೇ ಹಲ್ಲು, ಕಾಫಿ ಕುಡಿಯುವವಳಿಗೆ ಕಾಫಿ ಕುಡಿದಂಥದ್ದೇ ಹಲ್ಲು. ಬಾಯಿಗೆ ಹಾಕಿಕೊಂಡವರಿಗೇ ಯಾವುದು ಹುಟ್ಟಿದ್ದು, ಯಾವುದು ಕೊಂಡದ್ದು ಎಂದು ಮರೆತುಹೋಗಬೇಕು. ಅತ್ತೆಯ ಬಾಯಲ್ಲಿದ್ದ ಮೇಲಿನ ಸಾಲು ಪೂರ್ತಿ ಮಗಳದೇ ಕೈಕೆಲಸ. ಹಲ್ಲು ಹೊಸದಾದ ಮೇಲೆ ಮಾತೂ ಹರಿತವಾಯಿತು ಎಂದು ಸಮುದ್ರರಾಜರು ಒಳಗೊಳಗೇ ಕೊರಗುತ್ತಿದ್ದರು.

ಇಂಥ ಮನೆಗೆ ಒಂದು ನೀಲಿ ನಕ್ಷತ್ರಮೀನು ಬಂತು. ಮೀನಂಗಡಿಯವನಿಗೆ ಸದಾ ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡಿರುವ ಚಟ, ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ನಕ್ಷತ್ರವನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುವಾಗ ಕಡ್ಡಿ, ಇದು ಬಲು ನಾಜೂಕು, ಒಂದೇ ಸಲಕ್ಕೆ ತೊಟ್ಟಿಗೆ ಬಿಡಬೇಡಿ, ನಿಮ್ಮ ತೊಟ್ಟಿಯ ನೀರನ್ನು ಹನಿಹನಿಯಾಗಿ ಇದರ ನೀರಿಗೆ ಬೆರೆಸುತ್ತಾ ಅರ್ಧ ದಿನ ಕೂತಿರಿ ಎಂದು ಹೇಳಿದ. ಇದರ ಮೈಯೊಳಗೆ ಓಡಾಡುವುದು ರಕ್ತವಲ್ಲ, ಸಮುದ್ರದ ನೀರೇ. ಹೊರಗಿನ ಉಪ್ಪು ತಟ್ಟನೆ ಹೆಚ್ಚುಕಡಿಮೆಯಾದರೆ ಒಳಗೆಲ್ಲ ಎಡವಟ್ಟಾಗುತ್ತದೆ, ಆದರೆ ಅದು ಗೊತ್ತಾಗುವುದು ಎಷ್ಟೋ ದಿನ ಕಳೆದ ಮೇಲೆ ಎಂದೂ ಹೇಳಿದ. ಸಮುದ್ರರಾಜರು ತಲೆಯಾಡಿಸಿ ಮನೆಗೆ ಬಂದರು. ಉಪ್ಪುನೀರಿನಿಂದ ಉಪ್ಪುನೀರಿಗೆ ಹೋಗಲು ಅರ್ಧ ದಿನ ಯಾಕೆ, ಪಾಸ್‌ಪೋರ್ಟು ತೋರಿಸಬೇಕೇ ಎಂದು ಅತ್ತೆಯ ಎದುರು ನಕ್ಕರು. ಕತ್ತರಿ ತಗೊಂಡು ಚೀಲದ ಬಾಯಿ ಕತ್ತರಿಸಿ, ನಕ್ಷತ್ರವನ್ನು ಒಂದು ತೋಳು ಹಿಡಿದು ಮೇಲೆತ್ತಿ, ಬಾಲ್ಕನಿಯಲ್ಲಿ ಒದ್ದೆ ಕಾಲುಚೀಲ ಕೊಡವುವ ಹಾಗೆ ಕೊಡವಿ, ತೊಟ್ಟಿಗೆ ಬಿಟ್ಟರು. ಅದು ನಿಧಾನವಾಗಿ ಮರಳಿಗಿಳಿದು ಐದೂ ತೋಳು ಚಾಚಿತು. ಅಷ್ಟು ನೀಲಿಯಾದದ್ದು ಆ ಬೀದಿಯಲ್ಲೇ ಇರಲಿಲ್ಲ.

ಅದೇ ಹೊತ್ತಿಗೆ ಸಮುದ್ರರಾಜರ ಹೊಟ್ಟೆ ಕೈಕೊಟ್ಟಿತು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಬೇಕು ಎಂದರು ಡಾಕ್ಟರು. ಮನೆಯಲ್ಲಿ ಅವರು, ಕಲ್ಲು ತಾನೆ, ತೆಗೆದು ಬಿಸಾಕುತ್ತಾರೆ ಎಂದು ಅಕ್ಕಿಯ ಕಲ್ಲಿನ ಮಾತಾಡುವವರ ಹಾಗೆ ಮಾತಾಡಿದರು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಹೆಂಡತಿ ಪಕ್ಕದ ಕೋಣೆಯಲ್ಲಿ ಅವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನಡುಮನೆಯಲ್ಲಿ ಯಾರೋ ಪಿಸುಗುಟ್ಟುವುದು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ಗಂಡ ತೊಟ್ಟಿಯ ಮುಂದೆ ಮಂಡಿಯೂರಿ ಕೂತಿದ್ದಾರೆ.

"ನಂಗೆ ಭಯ ಆಗ್ತಿದೆ ಕಣಯ್ಯಾ," ಎನ್ನುತ್ತಿದ್ದರು ನಕ್ಷತ್ರಕ್ಕೆ. "ನೀನು ಗಟ್ಟಿಯಾಗಿರು, ನಾನೂ ಗಟ್ಟಿಯಾಗಿರ್ತೀನಿ. ಒಬ್ಬರಿಗೊಬ್ಬರು ಕೈ ಕೊಡೋದು ಬೇಡ."

ಅವಳು ಸದ್ದಿಲ್ಲದೆ ಹಿಂದೆ ಸರಿದಳು. ಕೈ ಕೊಡಲು ಅದಕ್ಕಾದರೂ ಐದಿವೆ ಎಂದುಕೊಂಡು ನಗು ಬಂತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಅಂಗಿಯ ತೋಳು ಸುಟ್ಟಿತ್ತು.

ಆಪರೇಷನ್ ಸಲೀಸಾಗಿ ಮುಗಿಯಿತು. ಆದರೆ ಒಪ್ಪಂದದ ಇನ್ನೊಂದು ಪಾರ್ಟಿ ಮಾತಿಗೆ ತಪ್ಪಿತು. ಆಸ್ಪತ್ರೆಯಿಂದ ಮಧ್ಯಾಹ್ನ ಬಟ್ಟೆ ಒಯ್ಯಲು ಮನೆಗೆ ಬಂದ ಮಗಳಿಗೆ ಅತ್ತೆ ಕುರ್ಚಿಯಿಂದ ಏಳದೆಯೇ ಸುದ್ದಿ ಹೇಳಿದರು.

"ನಿನ್ನ ಗಂಡನ ಆ ಬಿಸ್ಕತ್ತು ಇದೆಯಲ್ಲ, ಟೀಯಲ್ಲಿ ಅದ್ದಿಟ್ಟ ಹಾಗಾಗಿದೆ, ನೋಡು ಹೋಗು."

ಹಾಗೆಯೇ ಆಗಿತ್ತು. ಮೈಮೇಲೆ ಬಿಳಿಯ ತೇಪೆಗಳೆದ್ದು, ಎರಡು ತೋಳು ಕಳಚಿ ಬಿದ್ದು, ಉಳಿದದ್ದು ಕರಗುತ್ತಿತ್ತು. ಅತ್ತ ಆಸ್ಪತ್ರೆಯ ಹಾಸಿಗೆಯಲ್ಲಿ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ಕಣ್ಣು ಬಿಟ್ಟ ಕೂಡಲೇ ಮೊದಲು ಕೇಳಿದ್ದು ನಕ್ಷತ್ರ ಹೇಗಿದೆ ಎಂದೇ. ಚೆನ್ನಾಗಿದೆ ಎಂದು ಅವಳು ಹೇಳಿಯೂ ಆಗಿತ್ತು.

ಅವಳು ಹೆಚ್ಚು ಯೋಚಿಸುವ ಪೈಕಿಯವಳಲ್ಲ. ಕಳಚಿದ ತೋಳುಗಳಲ್ಲಿ ಬಣ್ಣ ಮಾಸದ ಒಂದನ್ನು ಆರಿಸಿ, ಕಟ್ಟುಹಲ್ಲು ಇಡುವ ಡಬ್ಬಿಗೆ ನೀರು ಹಾಕಿ, ಅದರೊಳಗಿಟ್ಟುಕೊಂಡು ಕಡ್ಡಿಯ ಅಂಗಡಿಗೆ ನಡೆದಳು. ಅಲ್ಲಿ ತೊಟ್ಟಿಯಲ್ಲಿದ್ದ ನೀಲಿ ನಕ್ಷತ್ರಗಳ ಪಕ್ಕಕ್ಕೆಲ್ಲ ಡಬ್ಬಿ ಹಿಡಿದು ಹಿಡಿದು ನೋಡಿದಳು. ಒಂದು ಜಾಸ್ತಿ ನೇರಳೆ, ಒಂದರ ತೋಳು ಮೋಟು, ಒಂದು ಬಣ್ಣ ಸರಿ ಆದರೆ ಗಾತ್ರ ಚಿಕ್ಕದು. ಎಲ್ಲ ನಕ್ಷತ್ರಗಳೂ ಒಂದೇ ಅಲ್ಲವೇ ಮೇಡಂ ಎಂದ ಕಡ್ಡಿ. ಎಲ್ಲ ಹಲ್ಲೂ ಒಂದೇ ಎನ್ನುವವನ ಬಾಯಿ ನೋಡಬೇಕು ಎಂದು ಅವಳು ಉತ್ತರಿಸಿದಳು. ಕಡ್ಡಿ ತುಟಿ ಮುಚ್ಚಿಕೊಂಡ.

ಕೊನೆಗೆ ಮೂಲೆಯಲ್ಲಿದ್ದ ಒಂದು ಒಪ್ಪಿಗೆಯಾಯಿತು. ಅದನ್ನು ಮನೆಗೆ ಒಗ್ಗಿಸುವ ಕೆಲಸವನ್ನು ಅವಳು ಲ್ಯಾಬಿನಲ್ಲಿ ಹಲ್ಲಿನ ಅಚ್ಚಿನ ಮೇಣ ತಣಿಸುವಷ್ಟೇ ಶ್ರದ್ಧೆಯಿಂದ ಮಾಡಿದಳು. ಮೇಣವೂ ಅಷ್ಟೇ, ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಆಸ್ಪತ್ರೆಯ ನರ್ಸನ್ನು ಕಾಡಿಬೇಡಿ ಬಳಸದ ಒಂದು ಸಲೈನ್ ನಳಿಕೆ ತಂದಳು. ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೊಂದು ಬಕೆಟ್ಟು, ಅದರಲ್ಲಿ ತೊಟ್ಟಿಯ ನೀರು. ನೆಲದಲ್ಲಿ ಇನ್ನೊಂದು ಬಕೆಟ್ಟು, ಅದರಲ್ಲಿ ಅಂಗಡಿಯ ನೀರಿನ ಸಮೇತ ನಕ್ಷತ್ರ. ನಡುವೆ ನಳಿಕೆಯಿಂದ ಹನಿ ಬೀಳುತ್ತಿತ್ತು, ಟಪ್, ಟಪ್. ಕೆಳಗಿನ ಬಕೆಟ್ಟು ತುಂಬಿಬಂದಾಗ ಅರ್ಧ ಚೆಲ್ಲುವುದು, ಮತ್ತೆ ಹನಿ. ನೀರು ತಣ್ಣಗಾಗದ ಹಾಗೆ ಸುತ್ತ ಟವೆಲ್ಲು. ಅವಳು ಆಸ್ಪತ್ರೆಗೆ ಹೋದಾಗ ಕಾವಲು ಅತ್ತೆಯದು. ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಅತ್ತೆ, ಸ್ವಂತ ಗಂಡ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗಲೂ ತಾನು ಇಷ್ಟು ನಿಗಾ ಇಟ್ಟಿರಲಿಲ್ಲ ಎಂದರು. ಅವರು ಅದನ್ನು ಪಶ್ಚಾತ್ತಾಪದಿಂದ ಹೇಳಿದ ಹಾಗಿರಲಿಲ್ಲ.

ಸಂಜೆಗೆ, ನೀರು ನೀರಿಗೆ ಹೊಂದಿದ ಮೇಲೆ, ನಕ್ಷತ್ರವನ್ನು ಒಂದು ಬಟ್ಟಲಿನೊಳಗೆ ತೂರಿಸಿ, ಗಾಳಿ ಸೋಕದ ಹಾಗೆ ನೀರಿನ ಸಮೇತ ತೊಟ್ಟಿಗೆ ಇಳಿಸಿದಳು. ಆಸ್ಪತ್ರೆಯಿಂದ ಬಿಟ್ಟ ದಿನ ಸಮುದ್ರರಾಜರು ಬಿಳಿಚಿಕೊಂಡು, ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ತೊಟ್ಟಿಯ ಮುಂದೆ ನಿಂತರು. ಅವರ ಕಣ್ಣು ತುಂಬಿಬಂತು.

"ನೋಡಿದ್ಯಾ, ನಂಗೋಸ್ಕರ ಕಾದಿದೆ," ಎಂದರು.

"ಹೂಂ," ಎಂದಳು ಹೆಂಡತಿ. ಎಡವಟ್ಟೆಲ್ಲ ಶುರುವಾದದ್ದು ಆ ಹೂಂನಿಂದ.

ಎರಡನೆಯ ನಕ್ಷತ್ರ ಕರಗಲಿಲ್ಲ, ಸೊರಗಿತು. ತಿಂಗಳುಗಳು ಕಳೆದ ಹಾಗೆ ತೋಳುಗಳು ಸಪೂರವಾಗಿ, ಮೈ ಚಪ್ಪಟೆಯಾಗಿ, ಬಹಳ ತೊಳೆದ ಬಟ್ಟೆಯ ಹಾಗಾಯಿತು. ಗಂಡ ಕಂಪನಿಯವರ ಜೊತೆ ಫ್ರೇಮು ಖರೀದಿಗೆ ಹೊರಗೆ ಹೋದ ದಿನ ಅವಳು ಮತ್ತೆ ಕಡ್ಡಿಯ ಅಂಗಡಿಗೆ ಹೋದಳು. ಮೂರನೆಯದೂ ಹಾಗೇ ಆಯಿತು, ನಾಲ್ಕನೆಯದು ಬಂತು. ಹೇಳಿಬಿಡಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗಂಡ ಬೆಳಗಿನ ಕಾಫಿ ಹಿಡಿದು ತೊಟ್ಟಿಯ ಮುಂದೆ ಕೂತು, ನಕ್ಷತ್ರಕ್ಕೆ ಪತ್ರಿಕೆಯ ತಲೆಬರಹ ಓದಿಹೇಳುವುದು ಕೇಳಿಸುತ್ತಿತ್ತು. ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಗುತ್ತಿತ್ತು. ಹೊಸದು ಬಂದ ವಾರವೆಲ್ಲ ಸಮುದ್ರರಾಜರು, ಈಚೆಗೆ ಮೈ ತುಂಬಿಕೊಂಡಿದೆ, ಕ್ರೀಡಾಪುಟ ಓದೋಕೆ ಶುರು ಮಾಡಿದ ಮೇಲೆ ಕಳೆ ಬಂದಿದೆ ಎಂದು ಹಿಗ್ಗುತ್ತಿದ್ದರು. ಇಡೀ ದಿನ ಜನರ ಕಣ್ಣಿನ ದೋಷ ಹೇಳುವ ಮನುಷ್ಯನಿಗೆ ಎದುರಿಗಿದ್ದದ್ದು ಬೇರೆ ನಕ್ಷತ್ರ ಎಂದು ಕಾಣಲಿಲ್ಲ. ಅದರಲ್ಲಿ ಅವರ ತಪ್ಪೂ ಇರಲಿಲ್ಲ. ಬಣ್ಣ ಹೊಂದಿಸಿದವಳ ಕೈ ಅಂಥದು.

ಹೆಸರು ಹಬ್ಬಿತು. ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡವರದೊಂದು ಕೂಟವಿತ್ತು. ಸೈಕಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರಿ, ತಮ್ಮ ತಮ್ಮ ಸಾವುನೋವುಗಳನ್ನು ಹಂಚಿಕೊಂಡು, ಬಿಸ್ಕತ್ತು ತಿಂದು ಹೋಗುವವರು. ಅಧ್ಯಕ್ಷರು ಕುದುರೆ ಡಾಕ್ಟರು. ಎಲ್ಲರ ನೀಲಿ ನಕ್ಷತ್ರಗಳೂ ಒಂದಲ್ಲ ಒಂದು ದಿನ ಕರಗಿಹೋಗಿದ್ದವು, ಸಮುದ್ರರಾಜರದೊಂದೇ ವರ್ಷ ದಾಟಿಯೂ ಹೊಳೆಯುತ್ತಿತ್ತು. ಅವರನ್ನು ಕರೆದು ಭಾಷಣ ಮಾಡಿಸಿದರು. ಸಮುದ್ರರಾಜರು ಮೈಕು ಎರಡು ಸಲ ತಟ್ಟಿ, ಹನಿ ಹಾಕುವುದೆಲ್ಲ ಅಂಗಡಿಯವರು ಹಬ್ಬಿಸಿದ ಸುಳ್ಳು ಎಂದು ಶುರು ಮಾಡಿದರು. ತಾನು ಚೀಲ ಕತ್ತರಿಸಿ ನೇರ ಬಿಟ್ಟೆ, ಮೊದಲ ದಿನವೇ ಬದುಕು ಏನೆಂದು ಅದಕ್ಕೆ ಗೊತ್ತಾಯಿತು, ಆಮೇಲೆ ದಿನಾ ಮಾತಾಡಿಸಿದೆ, ಅಷ್ಟೇ ಗುಟ್ಟು ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ಬಿಸ್ಕತ್ತನ್ನು ಪುಡಿ ಮಾಡುತ್ತಿದ್ದಳು. ಮನೆಗೆ ಬಂದು ತಾಯಿಯ ಹತ್ತಿರ, ಇದು ಅತಿಯಾಯಿತು ಎಂದಳು. ಮೈಕು ಕೊಟ್ಟವರದು ತಪ್ಪು ಎಂದರು ಅತ್ತೆ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲ ಕರೆಗಂಟೆ ಹೊಡೆಯಿತು. ಹೊರಗೆ ನಿಂತಿದ್ದವಳು ಕೂಟಕ್ಕೆ ಹೊಸದಾಗಿ ಸೇರಿದ್ದ ವಿಜ್ಞಾನದ ಟೀಚರು. ಕೈಯಲ್ಲಿ ಊಟದ ಡಬ್ಬಿ. ಒಳಗೆ ಬಂದು ಕೂತು, ಡಬ್ಬಿಯ ಮುಚ್ಚಳ ತೆಗೆದಳು. ಅತ್ತೆ ತಿನ್ನುವುದೇನೋ ಬಂತೆಂದು ಕತ್ತು ಚಾಚಿದವರು ಹಾಗೇ ಹಿಂದೆ ಸರಿದರು. ಒಳಗಿದ್ದದ್ದು ತುಂಡುತುಂಡಾದ ನೀಲಿ ನಕ್ಷತ್ರ.

ಟೀಚರು ಹೇಳಿದ್ದು ಇಷ್ಟು. ಅವಳ ಶಾಲೆಯ ಲ್ಯಾಬಿನಲ್ಲಿ ಹಿಂದಿನವರಾರೋ ಇಟ್ಟುಹೋದ ಬಹಳ ಹಳೆಯ ಉಪ್ಪುನೀರಿನ ತೊಟ್ಟಿಯಿದೆ. ಅದಕ್ಕೊಂದು ನಕ್ಷತ್ರ ತರಬೇಕೆಂದು ಮಕ್ಕಳು ಒಂದೇ ಸಮನೆ ಗಂಟುಬಿದ್ದು, ಹೆಡ್‌ಮೇಷ್ಟ್ರನ್ನು ಒಪ್ಪಿಸಿ ತರಿಸಿದರು. ಅವಳು ಹನಿ ಹಾಕಲು ನಳಿಕೆಯನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಆದರೆ ಭಾಷಣದಲ್ಲಿ ಸಾರ್ ಹೇಳಿದ್ದಾರಲ್ಲ ಎಂದು ಅದನ್ನು ಪಕ್ಕಕ್ಕಿಟ್ಟು, ಚೀಲ ಕತ್ತರಿಸಿ ನೇರ ಬಿಟ್ಟಳು. ಈಗ ಮಕ್ಕಳು ಅವಳ ಮುಖ ನೋಡುತ್ತಿಲ್ಲ. ಎಲ್ಲಿ ತಪ್ಪಾಯಿತು ಎಂದು ಕೇಳಲು ಬಂದಿದ್ದಳು.

ಸಮುದ್ರರಾಜರು ಕನ್ನಡಕ ಏರಿಸಿಕೊಂಡು ಡಬ್ಬಿಯೊಳಗೆ ನೋಡಿದರು. ತಪ್ಪು ನಿನ್ನದಲ್ಲಮ್ಮ, ಅದರದೇ ಇರಬೇಕು, ಕೆಲವು ಹುಟ್ಟಾ ದುರ್ಬಲ ಎಂದು ಸಮಾಧಾನ ಮಾಡಿದರು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಅದನ್ನು ಮಾತಾಡಿಸಿದೆಯಾ, ಎಷ್ಟು ಜೋರಾಗಿ ಓದುತ್ತಿದ್ದೆ ಎಂದು ವಿಚಾರಣೆಗೆ ತೊಡಗಿದರು. ಟೀಚರು ಕಣ್ಣೊರೆಸಿಕೊಂಡು, ಪಾಠವನ್ನೆಲ್ಲ ಅದರ ಪಕ್ಕವೇ ಮಾಡಿದೆ ಸಾರ್ ಎಂದಳು. ಬಹುಶಃ ಪಾಠ ಬೇಸರವಾಗಿರಬೇಕು ಎಂದರು ಸಮುದ್ರರಾಜರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಟೀಚರ ಪಕ್ಕ ಕೂತಳು.

"ನಿಂದೇನೂ ತಪ್ಪಿಲ್ಲಮ್ಮ. ನಮ್ಮ ಮನೆಯವರು ನೇರ ಬಿಟ್ಟಿದ್ದು ಹದಿನೈದು ದಿನಾನೂ ಬದುಕಲಿಲ್ಲ. ಇಲ್ಲಿ ಕಾಣ್ತಿರೋದು ನಾಲ್ಕನೇದು. ಆಮೇಲಿನ ಮೂರಕ್ಕೂ ನಾನೇ ಬಚ್ಚಲುಮನೇಲಿ ಕೂತು ಹನಿ ಹಾಕಿದ್ದೀನಿ."

ಟೀಚರು ಡಬ್ಬಿಯ ಮುಚ್ಚಳ ಹಾಕುವುದೋ ಬಿಡುವುದೋ ತಿಳಿಯದೆ ಕೈಯಲ್ಲಿ ಹಿಡಿದಿದ್ದಳು. ಸಮುದ್ರರಾಜರು ಹೆಂಡತಿಯನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಕೊನೆಗೆ ಆಧಾರಕ್ಕೆಂಬಂತೆ ಅತ್ತೆಯನ್ನು ನೋಡಿದರು.

"ನನ್ನನ್ನ ಯಾಕೆ ನೋಡ್ತೀರಾ ಅಳಿಯಂದ್ರೇ, ನಾನು ಬರೀ ಕಾವಲು," ಎಂದರು ಅತ್ತೆ.

ಟೀಚರು ಹೋದ ಮೇಲೆ ಜಗಳವಾಯಿತು. ಜಗಳ ಎನ್ನುವುದಕ್ಕಿಂತ, ಸಮುದ್ರರಾಜರು ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಾ ಒಂದೊಂದೇ ಪ್ರಶ್ನೆ ಕೇಳಿದರು, ಅವಳು ಉತ್ತರಿಸಿದಳು. ಫ್ರೇಮು ತರಲು ಹೋಗಿದ್ದ ದಿನವೇ? ಹೌದು. ಶೀತ ಆಗಿ ಎರಡು ದಿನ ಮಲಗಿದ್ದಾಗಲೇ? ಹೌದು. ಕ್ರೀಡಾಪುಟಕ್ಕೆ ಮೈ ತುಂಬಿಕೊಂಡದ್ದು? ಅದು ಬೇರೆಯದು. ಊರಿಗೆಲ್ಲ ಭಾಷಣ ಮಾಡಿದೆನಲ್ಲ, ಆಗ ತಡೆಯಬಾರದಿತ್ತೇ ಎಂದು ಕೇಳಿದಾಗ ಮಾತ್ರ ಅವಳು ತಲೆ ತಗ್ಗಿಸಿದಳು. ತಡೆಯಬೇಕಿತ್ತು, ಅದು ನನ್ನ ತಪ್ಪೇ ಎಂದಳು. ಆದರೆ ಮೊದಲನೆಯದು ಸತ್ತಾಗ ಯಾಕೆ ಹೇಳಲಿಲ್ಲ ಎಂದಾಗ ತಲೆ ಎತ್ತಿದಳು.

"ಆಪರೇಷನ್ನಿನ ಹಿಂದಿನ ದಿನ ನೀವು ಅದಕ್ಕೆ ಹೇಳಿದ್ದು ನಂಗೆ ಕೇಳಿಸ್ತು. ಭಯ ಆಗ್ತಿದೆ ಅಂತ ನನ್ನ ಹತ್ರ ಹೇಳಿದ್ರೆ ನಾನು ಕೈ ಹಿಡ್ಕೊಂಡು ಕೂತಿರ್ತಿದ್ದೆ. ನೀವು ಮೀನಿಗೆ ಹೇಳಿದ್ರಿ. ಅದು ಸತ್ತುಹೋಯ್ತು ಅಂತ ಹೊಲಿಗೆ ಹಾಕಿದ ಹೊಟ್ಟೆ ಇಟ್ಕೊಂಡು ಮಲಗಿದ್ದೋರಿಗೆ ಹೇಗೆ ಹೇಳಲಿ?"

ಸಮುದ್ರರಾಜರು ಓಡಾಟ ನಿಲ್ಲಿಸಿದರು. ಏನೋ ಹೇಳಲು ಬಾಯಿ ತೆರೆದರು, ಅದು ಮೀನಲ್ಲ ಎಂಬ ತಿದ್ದುಪಡಿ ಮಾತ್ರ ಹೊರಬಂತು. ನಕ್ಷತ್ರಮೀನು ಮೀನಿನ ಜಾತಿಗೇ ಸೇರುವುದಿಲ್ಲವಂತೆ. ಹೆಂಡತಿ ಎದ್ದು ಒಳಗೆ ಹೋದಳು.

ಆಮೇಲೆ ಮುಖ ಊದಿಸಿಕೊಂಡು ತಿರುಗುವ ಕಾಲ. ಬೆಳಗಿನ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿರುತ್ತಿತ್ತು. ಅಂಗಡಿಯಲ್ಲಿ ಸಮುದ್ರರಾಜರು ದೂರದ್ದು ಕಾಣದವನಿಗೆ ಓದುವ ಕನ್ನಡಕ ಕೊಟ್ಟರು, ಆ ಗಿರಾಕಿ ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡು ಬಂದು ಬೈದುಹೋದ. ಮನೆಯಲ್ಲಿ ತೊಟ್ಟಿಯತ್ತ ಬೆನ್ನು ಮಾಡಿ ಕೂರುತ್ತಿದ್ದರು. ಅತ್ತೆಗೆ ಇದು ಸರಿಬರಲಿಲ್ಲ. ಬೈಯಲು ಎದುರಾಳಿ ಇಲ್ಲದೆ ಅವರ ಬಾಯಿಗೂ ಕಸುವು ಇಳಿದಿತ್ತು. ಅಳಿಯನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಸತ್ತದ್ದು ನಕ್ಷತ್ರ, ನೀವಲ್ಲ, ಅದು ಗೊತ್ತಾಗಲಿ ಎಂದರು. ಇವಳು ಮೂರು ಸಲ ಅರ್ಧರ್ಧ ದಿನ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಅದು ಬಿಸ್ಕತ್ತಿನ ಮೇಲಿನ ಪ್ರೀತಿಗಲ್ಲ ಎಂದೂ ಹೇಳಿದರು. ಅತ್ತೆಯ ಬಾಯಿಂದ ಪ್ರೀತಿ ಎಂಬ ಮಾತು ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಹೇಳಿದ ಮೇಲೆ ಅವರಿಗೇ ಮುಜುಗರವಾಗಿ, ಹಲ್ಲಿನ ಸೆಟ್ಟು ತೊಳೆಯುವ ನೆವದಲ್ಲಿ ಎದ್ದುಹೋದರು.

ಕೂಟದ ಮುಂದಿನ ಸಭೆಯಲ್ಲಿ ಸಮುದ್ರರಾಜರ ಎರಡನೆಯ ಭಾಷಣ ಮೊದಲೇ ನಿಗದಿಯಾಗಿತ್ತು. ಹೋಗುವುದಿಲ್ಲ ಎಂದುಕೊಂಡಿದ್ದವರು ಕೊನೆಯ ಗಳಿಗೆಯಲ್ಲಿ ಅಂಗಿ ಹಾಕಿಕೊಂಡು ಹೊರಟರು. ಹೆಂಡತಿಯನ್ನು ಕರೆಯಲಿಲ್ಲ, ಆದರೆ ಬಾಗಿಲಲ್ಲಿ ಅವಳು ಚಪ್ಪಲಿ ಹಾಕಿಕೊಳ್ಳುವವರೆಗೆ ನಿಂತಿದ್ದರು. ಮೈಕಿನ ಮುಂದೆ ನಿಂತು, ಈ ಸಲ ಅದನ್ನು ತಟ್ಟದೆ, ನನ್ನ ನಕ್ಷತ್ರ ಎಂದೋ ಸತ್ತಿದೆ, ನೀವು ನೋಡಿ ಹೋದದ್ದೆಲ್ಲ ಬೇರೆ ಬೇರೆ, ನಾನು ಹೇಳಿದ್ದನ್ನು ನಂಬಿ ನೇರ ಬಿಟ್ಟವರು ಕ್ಷಮಿಸಬೇಕು, ಹನಿ ಹಾಕುವುದು ನನ್ನ ಹೆಂಡತಿಗೆ ಗೊತ್ತು, ಅವಳನ್ನು ಕೇಳಿ ಎಂದು ಹೇಳಿ ಕೂತರು. ಕಡೆಗೆ ಕುದುರೆ ಡಾಕ್ಟರು ಎದ್ದು, ಒಂದು ಮಾತು ಹೇಳಲೇ ಎಂದು ಸಂಕೋಚದಿಂದ ಕೇಳಿದರು. ನಿಮ್ಮ ಮನೆಗೆ ಬಂದಾಗಲೆಲ್ಲ ಅನ್ನಿಸುತ್ತಿತ್ತು, ಈ ತೊಟ್ಟಿ ಆಸ್ಪತ್ರೆಯಷ್ಟು ಚೊಕ್ಕಟವಾಗಿದೆ, ನಕ್ಷತ್ರ ತಿನ್ನುವುದು ಗಾಜು ಮತ್ತು ಕಲ್ಲಿನ ಮೇಲೆ ಕೂರುವ ಆ ಲೋಳೆಯನ್ನೇ, ಇಲ್ಲಿ ಅದೇ ಇಲ್ಲವಲ್ಲ ಎಂದು. ಆದರೆ ನಿಮ್ಮದು ಬದುಕಿತ್ತು, ನಮ್ಮದು ಸತ್ತಿತ್ತು, ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದರು.

ಸಮುದ್ರರಾಜರು ತಮ್ಮ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡರು. ದಿನಾ ಸಂಜೆ ಬ್ಲೇಡು ಹಿಡಿದು ಅವರು ಹೆರೆದು ತೆಗೆದದ್ದು ಅದರ ಊಟವನ್ನು.

ಸಭೆ ಮುಗಿದರೂ ಕಥೆ ಮುಗಿಯಲಿಲ್ಲ. ಸದಸ್ಯರೆಲ್ಲ ಯೋಚನೆಗೆ ಬಿದ್ದು ಮನೆಗೆ ಹೋದರು. ಕುದುರೆ ಡಾಕ್ಟರು ತಮ್ಮ ಹೆಂಡತಿಯನ್ನು, ನಮ್ಮ ಹಳದಿ ಮೀನಿಗೆ ಎಷ್ಟು ವಯಸ್ಸು ಎಂದು ತೀರ ಸಹಜವಾಗಿ ಕೇಳಿದರಂತೆ. ತರಕಾರಿ ಹೆಚ್ಚುತ್ತಿದ್ದ ಆಕೆ, ಯಾವುದಕ್ಕೆ, ಈಗಿರೋದಕ್ಕಾ ಎಂದರಂತೆ. ಇನ್ನೊಬ್ಬರಿಗೆ ಸೊಸೆ, ಮತ್ತೊಬ್ಬರಿಗೆ ಸ್ವಂತ ತಮ್ಮ ಇದೇ ಉಪಕಾರ ಮಾಡಿದ್ದರು. ಆ ವಾರ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಮಾತಿರಲಿಲ್ಲ. ಹೆಚ್ಚು ನೊಂದವನು ಕಡ್ಡಿ. ಗುಟ್ಟಾಗಿ ಬಂದು ಅದೇ ಬಣ್ಣದ್ದು, ಅದೇ ಗಾತ್ರದ್ದು ಕೇಳುವವರೆಲ್ಲ ಏಕಾಏಕಿ ನಿಂತುಹೋದರು. ನಿಮ್ಮ ಯಜಮಾನರು ನಿಜ ಹೇಳಿ ನನ್ನ ಹೊಟ್ಟೆಯ ಮೇಲೆ ಹೊಡೆದರು ಮೇಡಂ ಎಂದು ಅವನು ಹಲ್ಲಿನ ಲ್ಯಾಬಿನವರೆಗೆ ಬಂದು ಅವಳಿಗೆ ದೂರಿದ.

ಇಷ್ಟರಲ್ಲಿ ನಾಲ್ಕನೆಯದರ ತೋಳುಗಳೂ ಸಪೂರವಾಗತೊಡಗಿದ್ದವು. ಗಂಡಹೆಂಡತಿ ಇಬ್ಬರೂ ತೊಟ್ಟಿಯ ಮುಂದೆ ನಿಂತು, ಈ ಸಲ ಒಟ್ಟಿಗೇ, ಅದನ್ನು ನೋಡಿದರು. ಒರೆಸುವುದು ಇಂದೇ ನಿಲ್ಲಿಸಿದರೂ ಲೋಳೆ ಕೂರಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಇದು ತಡೆಯುವುದಿಲ್ಲ ಎಂದಳು ಅವಳು. ಶಾಲೆಯ ತೊಟ್ಟಿ ಹೇಗಿದೆಯಂತೆ ಎಂದು ಕೇಳಿದರು ಅವರು. ಕೊಳಕಾಗಿದೆಯಂತೆ, ಒಳಗೆ ಏನೂ ಕಾಣೋದೇ ಇಲ್ಲವಂತೆ ಎಂದಳು. ಆ ಕೊಳಕನ್ನು ಅವಳು ಬಹಳ ಆಸೆಯಿಂದ ವರ್ಣಿಸಿದ ಹಾಗಿತ್ತು.

ಶಾಲೆಗೆ ರಜೆಯಿದ್ದ ದಿನ ಟೀಚರು ಲ್ಯಾಬಿನ ಬೀಗ ತೆಗೆದುಕೊಟ್ಟಳು. ಆಟೋದಲ್ಲಿ ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ನಕ್ಷತ್ರವಿದ್ದ ಮುಚ್ಚಳದ ಬಕೆಟ್ಟು, ಪಕ್ಕದಲ್ಲಿ ಸಮುದ್ರರಾಜರು, ಅವರ ಪಕ್ಕ, ತಮ್ಮನ್ನು ಬಿಟ್ಟುಹೋಗುವ ಯೋಚನೆಯನ್ನು ಯಾರೂ ಮಾಡಬಾರದೆಂದು ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದ ಅತ್ತೆ. ಲ್ಯಾಬಿನ ತೊಟ್ಟಿ ನಿಜಕ್ಕೂ ಹೇಸಿಗೆಯಾಗಿತ್ತು. ಗಾಜಿನ ಮೇಲೆ ಹಸಿರು, ಕಲ್ಲಿನ ಮೇಲೆ ಕಂದು, ಕೊಳವೆಗಳ ಮೇಲೆ ಹೆಸರಿಲ್ಲದ ಬಣ್ಣ. ಸಮುದ್ರರಾಜರ ಬಲಗೈ ತಾನಾಗಿಯೇ ಜೇಬಿನ ಹಳದಿ ಬಟ್ಟೆಯತ್ತ ಹೋಯಿತು. ಹೆಂಡತಿ ಸುಮ್ಮನೆ ನೋಡಿದಳು. ಕೈ ವಾಪಸು ಬಂತು.

ಹನಿ ಶುರುವಾಯಿತು. ನಳಿಕೆ ಹಿಡಿಯುವುದು, ಬಕೆಟ್ಟು ಅರ್ಧ ಚೆಲ್ಲುವುದು, ಟವೆಲ್ಲು ಸರಿ ಮಾಡುವುದು, ಎಲ್ಲವನ್ನೂ ಅವಳು ಹೇಳಿದಳು, ಅವರು ಮಾಡಿದರು. ಹನಿ ಬೇಗ ಬೀಳುತ್ತಿದೆ ಎಂದಳು, ನಳಿಕೆಯ ಗಂಟು ಬಿಗಿ ಮಾಡಿದರು. ತೀರ ನಿಧಾನವಾಯಿತು ಎಂದಳು, ಸಡಿಲಿಸಿದರು. ಇನ್ನೂ ಎಷ್ಟು ಹೊತ್ತು ಎಂದು ಕೇಳಿ, ಅವಳ ಮುಖ ನೋಡಿ, ಮತ್ತೆ ಕೇಳಲಿಲ್ಲ. ನೆಲದ ಮೇಲೆ ಪಕ್ಕಪಕ್ಕ ಕೂತು ಇಬ್ಬರೂ ಬಕೆಟ್ಟಿನೊಳಗೆ ನೋಡುತ್ತಿದ್ದರು. ಮಾತಿಗೆ ಬಕೆಟ್ಟಿನ ವಿಷಯವೇ ಸಾಕಾಗುತ್ತಿತ್ತು, ಆಮೇಲೆ ಬೇರೆ ವಿಷಯಗಳೂ ಬಂದವು. ಅಂಗಡಿ ತಮ್ಮ ಕೈಲಿ ಇನ್ನು ಬಹಳ ವರ್ಷ ಆಗದೇನೋ, ಲೆನ್ಸಿನ ಸಣ್ಣ ಅಂಕಿಗಳು ತಮಗೇ ಕಾಣುತ್ತಿಲ್ಲ ಎಂದು ಸಮುದ್ರರಾಜರು ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಅವರ ಹತ್ತಿರಕ್ಕೆ ಸರಿದು ಕೂತಳು. ಅತ್ತೆ ಮಾತ್ರ ಲ್ಯಾಬಿನ ಮೂಲೆಯಲ್ಲಿ ನೇತುಹಾಕಿದ್ದ ಅಸ್ಥಿಪಂಜರದ ಎದುರು ಕುರ್ಚಿ ಹಾಕಿಕೊಂಡು, ಅದರ ಬಾಯಿ ಪರೀಕ್ಷಿಸಿ, ಕೆಳಗಿನ ಸಾಲು ಪೂರ್ತಿ ಹೋಗಿದೆ, ಇವರಿಗೂ ಒಂದು ಸೆಟ್ಟು ಮಾಡಿಕೊಡೇ ಎಂದು ಮಗಳಿಗೆ ಶಿಫಾರಸು ಮಾಡುತ್ತಿದ್ದರು.

ಬೆಳಕು ಇಳಿಯುವ ಹೊತ್ತಿಗೆ ನೀರು ನೀರಿಗೆ ಹೊಂದಿತು. ಬಟ್ಟಲನ್ನು ತೊಟ್ಟಿಗೆ ಇಳಿಸಿದವರು ಸಮುದ್ರರಾಜರು. ಬಟ್ಟಲು ಜಾರಿ ನಕ್ಷತ್ರ ಬೆನ್ನಡಿಯಾಗಿ ಬಿತ್ತು. ಎಲ್ಲರೂ ತೊಟ್ಟಿಯತ್ತ ಬಗ್ಗಿದರು, ಅತ್ತೆ ಕೂಡ ಅಸ್ಥಿಪಂಜರವನ್ನು ಬಿಟ್ಟು ಬಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ತೋಳಿನ ತುದಿ ಮಡಚಿತು, ಕಲ್ಲಿಗೆ ಅಂಟಿತು, ಇನ್ನೊಂದು ಅದರ ಹಿಂದೆ ಹೋಯಿತು. ಮುದುಕರೊಬ್ಬರು ಹಾಸಿಗೆಯಿಂದ ಏಳುವ ಹಾಗೆ, ಯಾರ ಅವಸರವನ್ನೂ ಲೆಕ್ಕಕ್ಕಿಡದೆ, ಅದು ಮಗುಚಿ ನೆಟ್ಟಗಾಯಿತು. ಮಗುಚಿದ್ದೇ ಹಸಿರು ಕೊಳಕಿನ ಮೇಲೆ ಹೊಟ್ಟೆಯೂರಿ ಕೂತಿತು. ಊಟಕ್ಕೆ ಕೂತಿತು ಎಂದಳು ಟೀಚರು.

ಅದು ಬದುಕಿತು. ಚಳಿ ಹೋಗಿ ಬಿಸಿಲು ಬಂದು ಮತ್ತೆ ಚಳಿ ಬಂದರೂ ಬದುಕಿತ್ತು, ತೋಳುಗಳು ತುಂಬಿಕೊಂಡವು. ಯಾರೂ ಬದಲಾಯಿಸದ ಹಾಗೆ ಮಕ್ಕಳು ಸರದಿಯ ಮೇಲೆ ನಿಗಾ ಇಟ್ಟಿದ್ದರು. ಕಷ್ಟವೆಂದರೆ ಕಣ್ಣಿಗೆ ಬೀಳುವುದೇ ಅಪರೂಪ. ಹೆಚ್ಚಿನ ಹೊತ್ತು ಅದು ಹಿಂಬದಿಯ ಕೊಳವೆಯ ಮರೆಯಲ್ಲಿ, ಎಲ್ಲಕ್ಕಿಂತ ಹೊಲಸಾದ ಮೂಲೆಯಲ್ಲಿ ಮೇಯುತ್ತಿರುತ್ತಿತ್ತು. ಸಮುದ್ರರಾಜರು ಶನಿವಾರ ಅಂಗಡಿ ಮುಚ್ಚಿ, ಹಲ್ಲಿನ ಲ್ಯಾಬಿನ ಕೆಲಸ ಮುಗಿಸಿದ ಹೆಂಡತಿಯನ್ನು ಕರೆದುಕೊಂಡು ಶಾಲೆಗೆ ಹೋಗಿ, ಏನೂ ಕಾಣದ ಹಸಿರು ಗಾಜನ್ನು ನೋಡುತ್ತಾ ಕೂರುತ್ತಿದ್ದರು. ಒಂದೊಂದು ದಿನ ಮನೆಗೆ ಬಂದು, ಇವತ್ತು ಒಂದು ತೋಳು ಕಂಡಿತು ಎನ್ನುತ್ತಿದ್ದರು. ಯಾವ ತೋಳು ಎಂದು ಅತ್ತೆ ಕುರ್ಚಿಯಿಂದ ಕೇಳುತ್ತಿದ್ದರು.